ತಬರಿಯ ಇತಿಹಾಸದಲ್ಲಿ ಕುರಾನ್ ವ್ಯಾಖ್ಯಾನ ಪರಂಪರೆ

ಅಬೂ ಜಾಫರ್ ಮುಹಮ್ಮದ್ ಇಬ್ನ್ ಜರೀರ್ ಅಲ್-ತಬರಿ (೮೩೯-೯೨೩) ಅರಬ್ಬಿ ಭಾಷೆಯಲ್ಲಿ ರಚಿಸಿದ 'ತಾರೀಖ್ ಅಲ್-ರುಸುಲ್ ವಲ್-ಮುಲೂಕ್' (ಪ್ರವಾದಿಗಳ ಮತ್ತು ಅರಸರ ಇತಿಹಾಸ) ಸೃಷ್ಟಿಯ ಆರಂಭದಿಂದ ಕ್ರಿ.ಶ. ೯೧೫ರವರೆಗಿನ ಸಂಗತಿಗಳನ್ನು ಒಳಗೊಂಡ ಬೃಹತ್ ಗ್ರಂಥ. ಇದರ ಆರಂಭಿಕ ಭಾಗಗಳಲ್ಲಿ ಕುರಾನಿನ ವಚನಗಳಿಗೆ ಮೊದಲ ತಲೆಮಾರುಗಳ ವಿದ್ವಾಂಸರು ನೀಡಿದ ಅರ್ಥವಿವರಣೆಗಳು ಹೇರಳವಾಗಿ ಉಳಿದುಬಂದಿವೆ.

ಕರ್ತೃ

ಕ್ಯಾಸ್ಪಿಯನ್ ಸಮುದ್ರದ ದಕ್ಷಿಣಕ್ಕಿರುವ ತಬರಿಸ್ತಾನದ ಆಮುಲ್ ಪಟ್ಟಣದಲ್ಲಿ ಜನಿಸಿದ ಈತ ಬಾಗ್ದಾದಿನಲ್ಲಿ ನೆಲೆಸಿ ಅಲ್ಲಿಯೇ ಮರಣ ಹೊಂದಿದ. 'ಜಾಮಿ ಅಲ್-ಬಯಾನ್' ಎಂಬ ಪ್ರಸಿದ್ಧ ಕುರಾನ್ ಭಾಷ್ಯವೂ (ತಫ್ಸೀರ್) ಈತನದೇ. ಭಾಷ್ಯದಲ್ಲಿ ವಚನಗಳ ಅನುಕ್ರಮದಲ್ಲಿ ಬರುವ ಅನೇಕ ವರದಿಗಳು ಇತಿಹಾಸದಲ್ಲಿ ಕಾಲಾನುಕ್ರಮದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ.

ವಿಧಾನ

ಅನೇಕ ವರದಿಗಳಿಗೆ ಮುನ್ನ ಅವು ಯಾರಿಂದ ಯಾರಿಗೆ ಬಂದವೆಂಬ ನಿರೂಪಕರ ಸರಣಿಯನ್ನು (ಇಸ್ನಾದ್) ತಬರಿ ನಮೂದಿಸುತ್ತಾನೆ. ಇಬ್ನ್ ಅಬ್ಬಾಸ್, ಮುಜಾಹಿದ್, ಕತಾದ, ಸುದ್ದಿ ಮೊದಲಾದವರ ಹೆಸರುಗಳು ಪದೇ ಪದೇ ಬರುತ್ತವೆ. ತಾನು ಕೇಳಿದ್ದನ್ನು ಕೇಳಿದಂತೆಯೇ ತಲುಪಿಸುತ್ತಿರುವುದಾಗಿಯೂ, ಓದುಗನಿಗೆ ಒಪ್ಪಿಗೆಯಾಗದ ವಿಷಯವಿದ್ದರೆ ಅದು ಹಿಂದಿನ ನಿರೂಪಕರಿಂದ ಬಂದದ್ದೆಂದೂ ಪೀಠಿಕೆಯಲ್ಲಿ ಆತ ತಿಳಿಸಿದ್ದಾನೆ. ಆದರೂ ಭಿನ್ನ ಮತಗಳನ್ನು ಮುಂದಿಟ್ಟ ಬಳಿಕ ತನ್ನ ಆಯ್ಕೆಯನ್ನು ಹಲವೆಡೆ ಕಾರಣಸಹಿತ ಸೂಚಿಸುತ್ತಾನೆ.

ಒಂದು ನಿದರ್ಶನ: ಬಲಿಯ ಪುತ್ರ

ಇಬ್ರಾಹೀಮರು ಬಲಿ ನೀಡಲು ಮುಂದಾದ ಪುತ್ರನ ಹೆಸರನ್ನು ಕುರಾನಿನ ೩೭ನೆಯ ಅಧ್ಯಾಯ ಹೇಳುವುದಿಲ್ಲ. ಆತ ಇಸ್‌ಹಾಕ್ ಎನ್ನುವ ಹಾಗೂ ಇಸ್ಮಾಯೀಲ್ ಎನ್ನುವ ಎರಡೂ ಬಗೆಯ ವರದಿಗಳನ್ನು ತಬರಿ ಸಂಗ್ರಹಿಸಿದ್ದಾನೆ. ಇಬ್ನ್ ಅಬ್ಬಾಸರ ಹೆಸರು ಎರಡೂ ಪಕ್ಷಗಳಲ್ಲಿ ಇದೆ. ಇಸ್‌ಹಾಕನ ಜೊತೆಗೇ ಅವನ ಮಗ ಯಾಕೂಬನ ಜನನವನ್ನೂ ದೇವರು ಮುಂದಾಗಿ ತಿಳಿಸಿರುವಾಗ ಇಸ್‌ಹಾಕನ ಬಲಿಗೆ ಆಜ್ಞೆಯಾಗಿರಲಾರದೆಂಬುದು ಇಸ್ಮಾಯೀಲ್ ಪಕ್ಷದ ವಾದ. ಕುರಾನಿನಲ್ಲಿ ಇಬ್ರಾಹೀಮರಿಗೆ ಪುತ್ರಪ್ರಾಪ್ತಿಯ ಶುಭವಾರ್ತೆ ಹೆಸರು ಸಹಿತ ಬರುವಲ್ಲಿ ಇಸ್‌ಹಾಕನೇ ಉದ್ದಿಷ್ಟನೆಂಬ ಕಾರಣದಿಂದ ತಬರಿ ಇಸ್‌ಹಾಕ್ ಪಕ್ಷವನ್ನು ಒಪ್ಪುತ್ತಾನೆ. ೧೪ನೆಯ ಶತಮಾನದ ಇಬ್ನ್ ಕಸೀರ್ ಇದನ್ನು ಯಹೂದ್ಯ-ಕ್ರೈಸ್ತ ಮೂಲದಿಂದ ಬಂದ ಅಭಿಪ್ರಾಯವೆಂದು ನಿರಾಕರಿಸಿದ. ಇಂದು ಬಕ್ರೀದ್ ಆಚರಿಸುವ ಮುಸ್ಲಿಮರಲ್ಲಿ ಇಸ್ಮಾಯೀಲ್ ಎಂಬ ನಂಬಿಕೆಯೇ ವ್ಯಾಪಕವಾಗಿದೆ. ಪ್ರಾಚೀನ ವಿದ್ವಾಂಸರಲ್ಲಿ ಈ ಕುರಿತು ಒಮ್ಮತವಿರಲಿಲ್ಲವೆಂಬುದಕ್ಕೆ ತಬರಿಯ ಗ್ರಂಥಗಳು ಮುಖ್ಯ ಸಾಕ್ಷ್ಯ.

ಮಹತ್ವ

ಇಬ್ನ್ ಇಸ್‌ಹಾಕನ (ಮರಣ ೭೬೭) ಪ್ರವಾದಿ ಚರಿತ್ರೆಯನ್ನು ಪರಿಷ್ಕರಿಸಿದ ಇಬ್ನ್ ಹಿಶಾಮ್ ಸೃಷ್ಟಿ ಹಾಗೂ ಪೂರ್ವಪ್ರವಾದಿಗಳ ಭಾಗವನ್ನು ಬಹುಮಟ್ಟಿಗೆ ಕೈಬಿಟ್ಟ. ಮೂಲಕೃತಿ ಲಭ್ಯವಿಲ್ಲದ ಕಾರಣ ಆ ಭಾಗದ ಅನೇಕ ವರದಿಗಳು ನಮಗೆ ದೊರೆಯುವುದು ತಬರಿಯ ಮೂಲಕ.

ನಂತರದ ಲೇಖಕರು ಈ ವಿಧಾನವನ್ನು ಪೂರ್ಣವಾಗಿ ಅನುಸರಿಸಲಿಲ್ಲ. ೧೦ನೆಯ ಶತಮಾನದಲ್ಲಿ ಗ್ರಂಥವನ್ನು ಪರ್ಷಿಯನ್ನಿಗೆ ತಂದ ಬಲಾಮಿಯೂ, ಅನಂತರದ ಇತಿಹಾಸಕಾರ ಇಬ್ನ್ ಅಲ್-ಅಸೀರನೂ (೧೧೬೦-೧೨೩೩) ನಿರೂಪಕರ ಸರಣಿಗಳನ್ನು ಬಿಟ್ಟು, ಭಿನ್ನ ವರದಿಗಳನ್ನು ಒಂದೇ ಕಥನವಾಗಿಸಿದರು. ಇದರಿಂದ ಓದು ಸುಗಮವಾಯಿತು. ಯಾವ ಅರ್ಥ ಯಾರದೆಂದು ಪರಿಶೀಲಿಸುವ ಅವಕಾಶ ಮಾತ್ರ ಕುಗ್ಗಿತು.

ಪ್ರಕಟಣೆ

ಅರಬ್ಬಿ ಮೂಲವನ್ನು ಡಚ್ ವಿದ್ವಾಂಸ ದ ಖೂಯೆ ಹಾಗೂ ಸಹಸಂಪಾದಕರು ೧೮೭೯ರಿಂದ ೧೯೦೧ರ ಅವಧಿಯಲ್ಲಿ ಲೈಡನ್ನಿನಿಂದ ಪ್ರಕಟಿಸಿದರು. ಸಂಪೂರ್ಣ ಇಂಗ್ಲಿಷ್ ಅನುವಾದ ಸೂಚಿ ಸಂಪುಟವೂ ಸೇರಿ ೪೦ ಸಂಪುಟಗಳಲ್ಲಿ ಲಭ್ಯವಿದೆ.