ಮಣ್ಣನ್ನು ಹೊತ್ತು ನಡೆದವರು

ಚಳಿಗಾಲದ ನಡುವೆಯೇ ವಸಂತವನ್ನು ಕೈಯಾರೆ ಕಟ್ಟಿಕೊಳ್ಳುತ್ತಿದ್ದ ಒಕ್ಕಲುಗಳು 19ನೆಯ ಶತಮಾನದ ಪ್ಯಾರಿಸ್ ನಗರದಲ್ಲಿದ್ದವು. ಫ್ರೆಂಚರು ಅವರನ್ನು ‘ಮರೇಶೆ’ ಎಂದು ಕರೆಯುತ್ತಿದ್ದರು. ‘ಮರೇ’ ಎಂದರೆ ಜೌಗು ನೆಲ. ಅಂಥ ನೆಲದಲ್ಲಿ ತರಕಾರಿ ಬೆಳೆಯುತ್ತಿದ್ದವರಿಗೆ ಆ ಹೆಸರು ಅಂಟಿಕೊಂಡಿತು. ಇಂದು ಪ್ಯಾರಿಸ್ಸಿನ ದುಬಾರಿ ಬಡಾವಣೆಗಳಲ್ಲೊಂದಾದ ‘ಮರೇ’ಯ ಹೆಸರಿನಲ್ಲಿಯೂ ಅದೇ ಜೌಗು ಉಳಿದಿದೆ. ಈ ತೋಟಗಳು ದೊಡ್ಡವಾಗಿರಲಿಲ್ಲ. ಹೆಚ್ಚಿನವು ಒಂದು ಹೆಕ್ಟೇರಿಗಿಂತ, ಎಂದರೆ ಎರಡೂವರೆ ಎಕರೆಗಿಂತ, ಕಿರಿದು. ಸುತ್ತ ಗೋಡೆ, ಒಳಗೊಂದು ಬಾವಿ. ದುಡಿಯಲು ಗಂಡ, ಹೆಂಡತಿ, ಮಕ್ಕಳು, ಜೊತೆಗೆ ಕೆಲವು ಕೂಲಿಯಾಳುಗಳು.

ಇವರ ವಿದ್ಯೆ ಬಹುಕಾಲ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ದಾಟಿಬಂದದ್ದು. 1845ರಲ್ಲಿ ಮೊರೋ ಮತ್ತು ದಾವೆರ್ನ್ ಎಂಬಿಬ್ಬರು ಅದನ್ನು ಗ್ರಂಥಕ್ಕಿಳಿಸಿದರು. ಇಬ್ಬರೂ ಸ್ವತಃ ತೋಟ ಮಾಡಿದವರು. ಆದುದರಿಂದ ಆ ಕೈಪಿಡಿಯಲ್ಲಿ ತಿಂಗಳು ತಿಂಗಳ ಕೆಲಸ, ಬಳಸುವ ಸಲಕರಣೆ, ಬೀಜದ ಗುಣ ಎಲ್ಲವೂ ಅನುಭವದ ಮಾತಾಗಿ ಬರುತ್ತವೆ.

ವಸಂತದ ಬೆಳೆಯ ಆರಂಭ ಕುದುರೆ ಲಾಯದಲ್ಲಿ. ಆ ಕಾಲದ ಪ್ಯಾರಿಸ್ ಕುದುರೆಗಳ ಊರು. ಗಾಡಿ, ಸಾರೋಟು, ಸೈನ್ಯ ಎಲ್ಲಕ್ಕೂ ಕುದುರೆಯೇ. ರಾತ್ರಿಯಲ್ಲಿ ತರಕಾರಿ ಹೊತ್ತು ಪೇಟೆಗೆ ಹೋದ ಗಾಡಿ ಮರಳುವಾಗ ಲಾಯಗಳ ಲದ್ದಿಯನ್ನೂ ಹುಲ್ಲನ್ನೂ ತುಂಬಿಕೊಂಡು ಬರುತ್ತಿತ್ತು. ಜನವರಿ, ಫೆಬ್ರವರಿಯ ಕೊರೆಯುವ ಚಳಿಯಲ್ಲಿ ಆ ಹಸಿ ಗೊಬ್ಬರವನ್ನು ಒಂದೆರಡು ಅಡಿ ಎತ್ತರಕ್ಕೆ ಮಡಿಯಾಗಿ ಒಟ್ಟಿ, ತುಳಿದು ಗಟ್ಟಿಮಾಡಿ, ಅಗತ್ಯವಿದ್ದಷ್ಟು ನೀರು ಚಿಮುಕಿಸುತ್ತಿದ್ದರು. ಅದರ ಮೇಲೆ ಸುಮಾರು ಅರ್ಧ ಅಡಿ ಪೂರ್ತಿ ಕಳಿತ ಹಳೆಯ ಗೊಬ್ಬರದ ಮಣ್ಣು, ಸುತ್ತ ಮರದ ಚೌಕಟ್ಟು, ಮೇಲೆ ಗಾಜಿನ ಮುಚ್ಚಳ. ಗೊಬ್ಬರ ಕೊಳೆಯುವಾಗ ಹುಟ್ಟುವ ಕಾವೇ ಬೇರಿಗೆ ಬೇಸಗೆಯಾಗುತ್ತಿತ್ತು. ಮೊದಲ ದಿನಗಳ ಕಾವು ಬೀಜವನ್ನೇ ಬೇಯಿಸಿಬಿಡುವಷ್ಟು. ಅದು ಇಳಿದು ಹದಕ್ಕೆ ಬರುವವರೆಗೆ ಕಾಯಬೇಕು. ಹೆಚ್ಚು ಕಾದರೆ ಕಾವು ವ್ಯರ್ಥ, ಅವಸರಪಟ್ಟರೆ ಬೀಜ ವ್ಯರ್ಥ.

ಹದಗೊಂಡ ಮಡಿಯಲ್ಲಿ ಮೂಲಂಗಿ ಮತ್ತು ಗಜ್ಜರಿಯ ಬೀಜವನ್ನು ಒಟ್ಟಿಗೆ ಚೆಲ್ಲಿ, ನಡುನಡುವೆ ಲೆಟ್ಯೂಸ್ ಸಸಿಗಳನ್ನು ನೆಡುತ್ತಿದ್ದರು. ಮೊದಲು ಮೂಲಂಗಿ ಕೀಳುತ್ತಿದ್ದರು. ತೆರವಾದ ಜಾಗದಲ್ಲಿ ಲೆಟ್ಯೂಸ್ ಹರಡುತ್ತಿತ್ತು. ಅದನ್ನು ಕಿತ್ತ ಮೇಲೆ ಗಜ್ಜರಿ ಬಲಿಯುತ್ತಿತ್ತು, ಅದರ ನಡುವೆ ಹೂಕೋಸು ಏಳುತ್ತಿತ್ತು. ಚೌಕಟ್ಟಿಲ್ಲದ ಕಡೆ ಗಂಟೆಯಾಕಾರದ ಗಾಜಿನ ಮುಚ್ಚಳಗಳನ್ನು ಸಸಿಗಳ ಮೇಲೆ ಕವುಚುತ್ತಿದ್ದರು. ಬಿಸಿಲೇರಿದಾಗ ಮೆಟ್ಟಿಲು ಕಚ್ಚುಗಳುಳ್ಳ ಮರದ ತುಂಡನ್ನು ಅಡಿಗೆ ಕೊಟ್ಟು ಗಾಳಿಯಾಡಿಸಬೇಕು. ಸಂಜೆ ಮತ್ತೆ ಮುಚ್ಚಬೇಕು. ಕೊರೆತ ಹೆಚ್ಚಿದ ರಾತ್ರಿ ಗಾಜಿನ ಮೇಲೆ ಹುಲ್ಲಿನ ಚಾಪೆ ಹೊದಿಸಬೇಕು. ಆ ಚಾಪೆಗಳನ್ನು ಹೆಣೆಯುವುದೂ ತೋಟದವರದೇ ಕೆಲಸ. ಒಂದು ರಾತ್ರಿಯ ಮೈಮರೆವು ಒಂದು ಋತುವಿನ ದುಡಿಮೆಯನ್ನು ಸುಟ್ಟುಬಿಡಬಲ್ಲದು.

ಇಷ್ಟರಿಂದ ಹುಟ್ಟುತ್ತಿದ್ದ ನಿಜವಾದ ಸಂಪತ್ತು ತರಕಾರಿಗಿಂತ ಹೆಚ್ಚಾಗಿ ಮಣ್ಣು. ಕಾವು ಆರಿದ ಮಡಿ ವರ್ಷ ಕಳೆಯುವುದರೊಳಗೆ ಕಪ್ಪು, ಹುಡಿಹುಡಿ ಮಣ್ಣಾಗುತ್ತಿತ್ತು. ವರ್ಷ ವರ್ಷವೂ ಅದರ ಪದರ ಏರುತ್ತಿತ್ತು. ಇಂಗ್ಲೆಂಡಿನಲ್ಲಿ ದೇಶಭ್ರಷ್ಟನಾಗಿ ಬದುಕುತ್ತಿದ್ದ ರಷ್ಯದ ಚಿಂತಕ ಪೀಟರ್ ಕ್ರೊಪಾಟ್ಕಿನ್ ಈ ತೋಟಗಳ ಬಗ್ಗೆ ಬೆರಗಿನಿಂದ ಬರೆದಿದ್ದಾನೆ. ಪೋನ್ಸ್ ಎಂಬ ತೋಟಗಾರ 2.7 ಎಕರೆಯಲ್ಲಿ ವರ್ಷಕ್ಕೆ ಒಂದು ಲಕ್ಷ ಕಿಲೋಗೂ ಮೀರಿ ತರಕಾರಿ ತೆಗೆಯುತ್ತಿದ್ದನೆಂಬ ಲೆಕ್ಕ ಅವನ ಬರಹದಲ್ಲಿದೆ. ಅದಕ್ಕಿಂತ ಮನಸ್ಸಿನಲ್ಲಿ ನಿಲ್ಲುವುದು ಅವನು ದಾಖಲಿಸಿದ ಇನ್ನೊಂದು ಸಂಗತಿ. ಗೇಣಿಗೆ ಪಡೆದ ತೋಟವನ್ನು ಬಿಟ್ಟು ಹೋಗುವಾಗ ಇಂತಿಷ್ಟು ಆಳದವರೆಗಿನ ಮಣ್ಣನ್ನು ತಾನು ಒಯ್ಯುವುದಾಗಿ ತೋಟಗಾರ ಕರಾರಿನಲ್ಲಿಯೇ ಬರೆಸಿಕೊಳ್ಳುತ್ತಿದ್ದ. ನೆಲ ಒಡೆಯನದು, ಮಣ್ಣು ಅದನ್ನು ಮಾಡಿದವನದು.

ಈ ಕರಾರು ಅನಿವಾರ್ಯವೂ ಆಗಿತ್ತು. ಬೆಳೆಯುವ ನಗರ ಅವರನ್ನು ನಿಂತಲ್ಲಿ ನಿಲ್ಲಗೊಡಲಿಲ್ಲ. 1853ರಿಂದ ಹೌಸ್‌ಮನ್ ಎಂಬ ಆಡಳಿತಾಧಿಕಾರಿ ಪ್ಯಾರಿಸ್ಸನ್ನು ಒಡೆದು ಹೊಸ ಬೀದಿಗಳನ್ನು ತೆರೆಸಿದ. 1860ರಲ್ಲಿ ಸುತ್ತಲಿನ ಊರುಗಳು ನಗರಕ್ಕೆ ಸೇರಿದವು. ನಿವೇಶನದ ಬೆಲೆ ಏರಿದಂತೆಲ್ಲ ತೋಟಗಳು ಹೊರಹೊರಕ್ಕೆ ಸರಿದವು. ಗಾಜು, ಚೌಕಟ್ಟುಗಳೊಂದಿಗೆ ಮಣ್ಣೂ ಗಾಡಿಯೇರಿತು.

ಮಣ್ಣನ್ನು ಒಯ್ಯಬಹುದಾಗಿತ್ತು, ಕುದುರೆಗಳನ್ನು ಉಳಿಸಿಕೊಳ್ಳುವುದು ಅವರ ಕೈಯಲ್ಲಿರಲಿಲ್ಲ. ರೈಲು ದಕ್ಷಿಣದ ಬೆಚ್ಚನೆಯ ಸೀಮೆಗಳ ತರಕಾರಿಯನ್ನು ಬೇಗನೆ ಪೇಟೆಗೆ ತಂದು ಸುರಿಯಿತು. 1913ರ ಜನವರಿಯಲ್ಲಿ ಪ್ಯಾರಿಸ್ಸಿನ ಕಟ್ಟಕಡೆಯ ಕುದುರೆ ಆಮ್ನಿಬಸ್ ಓಡಿ ನಿಂತಿತು. ಹಿಂದಿನ ವರ್ಷಗಳಲ್ಲಿ ಮಡಿ ಕಟ್ಟುವ ಆ ತಿಂಗಳಿನಲ್ಲಿಯೇ ಅದು ನಿಂತದ್ದು ಕಾಕತಾಳೀಯ. ಲಾಯಗಳು ಮೋಟಾರು ಶೆಡ್ಡುಗಳಾದವು. ಕಾವಿನ ಮೂಲ ಬತ್ತಿದ ಮೇಲೆ ತಲೆಮಾರುಗಳ ವಿದ್ಯೆ ನಿಧಾನವಾಗಿ ತಣ್ಣಗಾಯಿತು.

ಊರು ಬಿಟ್ಟು ಬಂದು ಬೇರೆ ನಗರಗಳಲ್ಲಿ ನೆಲೆಸಿರುವ ನಾವು ‘ಮಣ್ಣಿನ ಮಕ್ಕಳು’ ಎಂಬ ಮಾತನ್ನು ಬಲ್ಲೆವು. ಕೆಲವೊಮ್ಮೆ ಅದರ ಬಿಸಿಯನ್ನೂ ಉಂಡಿದ್ದೇವೆ. ಮಣ್ಣು ಹುಟ್ಟಿನಿಂದ ಬರುವ ಆಸ್ತಿ ಎಂಬ ನಂಬಿಕೆ ಆ ಮಾತಿನ ಬೆನ್ನಿಗಿದೆ. ಆ ತೋಟಗಾರರ ಕರಾರು ಬೇರೆಯೇ ನ್ಯಾಯವನ್ನು ಹೇಳುತ್ತದೆ: ಮಣ್ಣು ದುಡಿಮೆಯಿಂದ ಆಗುವಂಥದು, ಆದ ಮೇಲೆ ಮಾಡಿದವನ ಜೊತೆ ನಡೆಯುವಂಥದು. ಆದರೆ ಅವರ ಕೊನೆಯೂ ಒಂದು ಮಾತು ಹೇಳುತ್ತದೆ. ಹೊತ್ತು ತಂದ ಮಣ್ಣು ಪ್ರತಿ ವರ್ಷವೂ ಹೊಸ ಕಾವನ್ನು ಬೇಡುತ್ತದೆ. ಆ ಕಾವು ತವರಿನಿಂದ ಬರುವುದಿಲ್ಲ. ನಾವಿರುವ ನಗರದ ಬೀದಿಯಿಂದಲೇ, ನಮ್ಮ ಕೈಯಿಂದಲೇ, ಅದನ್ನು ಕೂಡಿಸಿ ತರಬೇಕು. ಮುಂಬಯಿಯ ಮನೆಯೊಂದರಲ್ಲಿ ಮಗುವಿಗೆ ಕನ್ನಡದ ಮೊದಲ ಅಕ್ಷರ ತಿದ್ದಿಸುವ ತಾಯಿ ಮಾಡುತ್ತಿರುವುದೂ ಅಂಥದೇ ಒಂದು ಮಡಿಯನ್ನು.