ನಮ್ಮ ಸಂಘದ ದೂರವಾಣಿ: ತಾಮ್ರದ ತಂತಿಯಿಂದ ಗಾಜಿನ ಎಳೆಯವರೆಗೆ

ರಜತ ಮಹೋತ್ಸವದ ಸ್ಮರಣ ಸಂಚಿಕೆಗೆ ಏನೇನು ಬರೆಯಬೇಕೆಂದು ನಾವು ಕೂತು ಪಟ್ಟಿ ಮಾಡಿದಾಗ ಕಟ್ಟಡದ ಕಥೆ, ಹಾಲಿನ ಲೆಕ್ಕ, ಹಿಂದಿನ ಅಧ್ಯಕ್ಷರುಗಳ ನೆನಪು ಎಲ್ಲವೂ ಬಂದವು. ಕೊನೆಗೆ ಒಬ್ಬ ನಿರ್ದೇಶಕರು, "ಆ ಫೋನಿನ ಬಗ್ಗೆ ಯಾರೂ ಬರೆಯಲ್ವಾ?" ಎಂದರು. ಹಾಲಿನ ಸಂಘದ ಸಂಚಿಕೆಯಲ್ಲಿ ಫೋನಿಗೇನು ಕೆಲಸ ಎಂದು ಕೆಲವರು ನಕ್ಕರು. ಆದರೆ ಕಳೆದ ಮಹಾಸಭೆಯಲ್ಲಿ ಹಾಲಿನ ದರಕ್ಕಿಂತ ಹೆಚ್ಚು ಹೊತ್ತು ಚರ್ಚೆಯಾದದ್ದು ಅದೇ ಫೋನಿನ ವಿಷಯ. ಆದ್ದರಿಂದ ಅದರ ಚರಿತ್ರೆಯನ್ನು ನಮಗೆ ತಿಳಿದಷ್ಟು ಇಲ್ಲಿ ದಾಖಲಿಸುತ್ತಿದ್ದೇವೆ.

ನಮ್ಮ ದೇಶದಲ್ಲಿ 1882ರ ಜನವರಿ 28ರಂದು ಕಲ್ಕತ್ತ, ಬೊಂಬಾಯಿ, ಮದರಾಸುಗಳ ದೂರವಾಣಿ ವಿನಿಮಯ ಕೇಂದ್ರಗಳು ವಿಧ್ಯುಕ್ತವಾಗಿ ಆರಂಭವಾದವು. ಕಲ್ಕತ್ತೆಯ ಕೇಂದ್ರಕ್ಕೆ ಆಗ ಇದ್ದವರು 93 ಮಂದಿ ಚಂದಾದಾರರು. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ದೂರವಾಣಿ ಉಪಕರಣ ತಯಾರಿಸುವ ಐ.ಟಿ.ಐ. ಕಾರ್ಖಾನೆ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಆದರೂ ಹಳ್ಳಿಯವರಿಗೆ ಫೋನು ದೂರದ ಮಾತೇ ಆಗಿತ್ತು. ಟ್ರಂಕ್ ಕಾಲ್ ಬುಕ್ ಮಾಡಿ ಅಂಚೆ ಕಚೇರಿಯ ಜಗಲಿಯಲ್ಲಿ ಅರ್ಧ ದಿನ ಕಾದದ್ದು ನಮ್ಮ ಹಿರಿಯರಿಗೆ ಇನ್ನೂ ನೆನಪಿದೆ. "ಕಾಲ್ ಬರೋ ಹೊತ್ತಿಗೆ ಹೇಳಬೇಕಾದ ಮಾತೇ ಮರೆತುಹೋಗ್ತಿತ್ತು" ಎನ್ನುತ್ತಾರೆ ಅವರು.

ಈ ಸ್ಥಿತಿ ಬದಲಾದದ್ದರಲ್ಲಿ ನಮ್ಮ ನಾಡಿನ ಹೆಸರೂ ಸೇರಿದೆ ಎಂಬುದು ಹೆಮ್ಮೆಯ ಸಂಗತಿ. 1984ರಲ್ಲಿ ಸ್ಯಾಮ್ ಪಿತ್ರೋಡ ಅವರ ಮುಂದಾಳುತನದಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿತು. ಹಳ್ಳಿಯ ಬಿಸಿಲು, ಧೂಳು ತಡೆದುಕೊಳ್ಳುವ, ಏರ್ ಕಂಡೀಷನ್ ಬೇಡದ ಚಿಕ್ಕ ಡಿಜಿಟಲ್ ಎಕ್ಸ್‌ಚೇಂಜನ್ನು ಅಲ್ಲಿನ ನಮ್ಮ ದೇಶದ ಎಂಜಿನಿಯರುಗಳೇ ರೂಪಿಸಿದರು. ಅಂಥ ಮೊದಲ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ಶುರುವಾದದ್ದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಆಮೇಲೆ ಊರೂರಿಗೂ ಎಕ್ಸ್‌ಚೇಂಜು ಬಂತು, ಹಳದಿ ಬಣ್ಣದ ಎಸ್.ಟಿ.ಡಿ. ಬೂತು ಬಂತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆಗ ಡಿಜಿಟಲ್ ಆದದ್ದು ಎಕ್ಸ್‌ಚೇಂಜು ಮಾತ್ರ. ಅಲ್ಲಿಂದ ಮನೆಗೆ ಬರುವ ತಾಮ್ರದ ಜೋಡಿ ತಂತಿ ಹಾಗೇ ಉಳಿಯಿತು. ಫೋನಿಗೆ ಬೇಕಾದ ವಿದ್ಯುತ್ತು, ಸುಮಾರು 48 ವೋಲ್ಟ್, ಆ ತಂತಿಯಲ್ಲೇ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಬರುತ್ತಿತ್ತು. ಹೀಗಾಗಿ ಊರಿಗೆ ಊರೇ ಕತ್ತಲಾದರೂ ಫೋನೆತ್ತಿದರೆ ಗುಂಯ್ ಅನ್ನುತ್ತಿತ್ತು. ಅದಕ್ಕಾಗಿ ಮನೆಯವರು ಏನೂ ಮಾಡಬೇಕಾಗಿರಲಿಲ್ಲ. ಏನೂ ಮಾಡಬೇಕಾಗಿರಲಿಲ್ಲವಾದ್ದರಿಂದ ಇಂಥದೊಂದು ಅನುಕೂಲ ಇದೆ ಎಂಬುದೂ ನಮಗೆ ಹೊಳೆದಿರಲಿಲ್ಲ.

ನಮ್ಮ ಸಂಘ ಹುಟ್ಟಿದ ಎರಡನೇ ವರ್ಷ ಕಚೇರಿಗೆ ಫೋನು ಹಾಕಿಸಿದೆವು. ಹಾಲಿನ ಲಾರಿ ತಡವಾದರೆ, ಪಶು ಆಹಾರ ಬೇಕಾದರೆ, ದನದ ಡಾಕ್ಟರು ಬೇಕಾದರೆ ಅದೊಂದೇ ದಾರಿ. ಒಂದು ಪುಷ್ಯ ಮಳೆಯ ರಾತ್ರಿ ನಮ್ಮ ಸದಸ್ಯೆಯೊಬ್ಬರ ಹಸುವಿಗೆ ಕರು ಅಡ್ಡ ಸಿಕ್ಕಿಕೊಂಡಿತು. ಕರೆಂಟು ಹೋಗಿ ಎರಡು ದಿನವಾಗಿತ್ತು. ಟವರಿನ ಡೀಸೆಲ್ ಮುಗಿದು ಮೊಬೈಲೂ ಸತ್ತಿತ್ತು. ಅವರ ಮಗ ಕಾರ್ಯದರ್ಶಿಯವರನ್ನು ಎಬ್ಬಿಸಿ, ಕಚೇರಿಯ ಬೀಗ ತೆಗೆಸಿ, ಲಾಟೀನಿನ ಬೆಳಕಲ್ಲಿ ನಂಬರು ತಿರುಗಿಸಿದ. ಡಾಕ್ಟರು ಬಂದರು. ಕರು ಉಳಿಯಲಿಲ್ಲ, ಹಸು ಉಳಿಯಿತು. ಒಂದೇ ಹಸು ಇರುವ ಮನೆಗೆ ಅದೇನು ಎಂಬುದನ್ನು ಈ ಸಂಚಿಕೆ ಓದುವವರಿಗೆ ನಾವು ಬಿಡಿಸಿ ಹೇಳಬೇಕಿಲ್ಲ.

ಈಗ ಬಂದಿರುವುದು ಎರಡನೆಯ ಬದಲಾವಣೆ. ತಾಮ್ರದ ತಂತಿ ತೆಗೆದು ಗಾಜಿನ ಎಳೆ, ಅಂದರೆ ಫೈಬರ್, ಎಳೆಯುತ್ತಿದ್ದಾರೆ. ಅದರಲ್ಲಿ ಮಾತು ಬೆಳಕಾಗಿ ಹರಿಯುತ್ತದೆ. ಮಳೆಗೆ ಗರಗರ ಸದ್ದಿಲ್ಲ, ತುಕ್ಕಿಲ್ಲ, ಕಳ್ಳರಿಗೆ ಕದಿಯಲು ತಾಮ್ರವಿಲ್ಲ. ಎಲ್ಲ ಒಳ್ಳೆಯದೇ. ಆದರೆ ಬೆಳಕಿನ ಜೊತೆ ಕರೆಂಟು ಬರುವುದಿಲ್ಲ. ಮನೆಯೊಳಗೆ ಒಂದು ಪೆಟ್ಟಿಗೆ, ಮೋಡೆಮ್, ಇಡಬೇಕು. ಅದಕ್ಕೆ ನಮ್ಮದೇ ಕರೆಂಟು ಕೊಡಬೇಕು. ಕರೆಂಟು ಹೋದರೆ ಫೋನೂ ಹೋಯಿತು.

ಈ ತೊಡಕು ನಮ್ಮೊಬ್ಬರದಲ್ಲ. ಬ್ರಿಟನ್ನಿನಲ್ಲಿ ಇದು ನಮಗಿಂತ ಮೊದಲೇ, ದೇಶವ್ಯಾಪಿ ಪ್ರಶ್ನೆಯಾಯಿತು. ಅಲ್ಲಿ ಹಳೆಯ ದೂರವಾಣಿ ಜಾಲವನ್ನು 2025ರ ಕೊನೆಗೆ ಮುಚ್ಚಬೇಕೆಂದಿತ್ತು. 2021ರ ನವೆಂಬರಿನಲ್ಲಿ ಆರ್ವೆನ್ ಎಂಬ ಬಿರುಗಾಳಿ ಬೀಸಿ, ಕೆಲವು ಹಳ್ಳಿಗಳಲ್ಲಿ ವಾರಕ್ಕೂ ಹೆಚ್ಚು ದಿನ ಕರೆಂಟಿರಲಿಲ್ಲ. ಹೊಸ ಫೋನಿಗೆ ಬದಲಾದವರು ಯಾರನ್ನೂ ಕರೆಯಲಾರದೆ ಹೋದರೆ ಗತಿಯೇನು ಎಂಬ ಕೂಗೆದ್ದಿತು. 2022ರ ಮಾರ್ಚಿನಲ್ಲಿ ಅಲ್ಲಿನ ದೊಡ್ಡ ಸಂಸ್ಥೆ ಬಿ.ಟಿ. ಬದಲಾವಣೆಯನ್ನು ಕೆಲಕಾಲ ನಿಲ್ಲಿಸಿತು. ಒಂಟಿಯಾಗಿರುವ ವೃದ್ಧರು ಕೊರಳಿಗೆ ಕಟ್ಟಿಕೊಂಡು ಆಪತ್ತಿನಲ್ಲಿ ಒತ್ತುವ ಕರೆಗುಂಡಿಗಳಿವೆಯಲ್ಲ, ಅಂಥವನ್ನು ನಂಬಿದವರೇ ಅಲ್ಲಿ ಸುಮಾರು 18 ಲಕ್ಷ ಜನ. ಕೆಲವರ ಗುಂಡಿ ಹೊಸ ಲೈನಿನಲ್ಲಿ ಕೆಲಸ ಮಾಡದೆ ಹೋದ ಮೇಲೆ, 2023ರ ಡಿಸೆಂಬರಿನಲ್ಲಿ ಸರ್ಕಾರ ಕಂಪನಿಗಳಿಂದ ರಕ್ಷಣೆಯ ಭರವಸೆ ಬರೆಸಿಕೊಂಡಿತು. 2024ರಲ್ಲಿ ಗಡುವನ್ನು 2027ರ ಜನವರಿಗೆ ಮುಂದೂಡಿದರು. ಕರೆಂಟು ಹೋದಾಗ ಬೇರೆ ದಾರಿಯಿಲ್ಲದವರಿಗೆ ಕನಿಷ್ಠ ಒಂದು ಗಂಟೆಯಾದರೂ ತುರ್ತು ಕರೆ ಮಾಡಲು ಏರ್ಪಾಡಿರಬೇಕೆಂದು ಅಲ್ಲಿನ ನಿಯಂತ್ರಣ ಸಂಸ್ಥೆ ಆಫ್‌ಕಾಮ್ 2018ರಲ್ಲೇ ಹೇಳಿತ್ತು. ಬ್ರಾಡ್‌ಬ್ಯಾಂಡ್ ಬೇಡ, ಬರೀ ಮಾತಿನ ಫೋನು ಸಾಕು ಎನ್ನುವವರಿಗಾಗಿ ಬಿ.ಟಿ. ಸಂಸ್ಥೆ ಎಕ್ಸ್‌ಚೇಂಜಿನಲ್ಲೇ ಬೇರೆ ಯಂತ್ರ ಕೂಡಿಸಿ, ಮನೆಯಲ್ಲಿ ಏನೂ ಬದಲಿಸದೆ, ಹಳೆಯ ತಂತಿಯಲ್ಲೇ ಇನ್ನೂ ಕೆಲವು ವರ್ಷ ನಡೆಸುವ ಏರ್ಪಾಡು ಮಾಡಿತು. ಬೇಡಿದವರಿದ್ದರು, ಆದ್ದರಿಂದ ದಾರಿ ಸಿಕ್ಕಿತು.

ನಮ್ಮ ಮಹಾಸಭೆಯಲ್ಲಿ ಮೂರು ಅಭಿಪ್ರಾಯ ಬಂದವು. ಲೈನು ಸರೆಂಡರ್ ಮಾಡಿ ಬಾಡಿಗೆ ಉಳಿಸೋಣ, ಎಲ್ಲರ ಜೇಬಲ್ಲೂ ಮೊಬೈಲಿದೆ ಎಂದರು ಯುವಕರು. "ನೆಟ್ಟು ನಮಗ್ಯಾಕೆ, ಮಾತಾಡೋಕೆ ಒಂದು ಫೋನು ಕೊಡ್ರಿ ಸಾಕು" ಎಂದರು ಹಿರಿಯರು. ಆಗ ಹಿಂದಿನ ಸಾಲಿನಿಂದ ಎದ್ದು ನಿಂತವರು ಆ ಹಸುವಿನ ಮನೆಯಾಕೆ. "ಅಣ್ಣಾ, ನಮ್ಮ ಕೇರೀಲಿ ಮೊಬೈಲು ಹತ್ತಬೇಕಾದ್ರೆ ಗುಡ್ಡ ಹತ್ತಬೇಕು. ರಾತ್ರಿ ಮಳೇಲಿ ಗುಡ್ಡ ಹತ್ತೋರು ಯಾರು?" ಎಂದರು. ಸಭೆ ಸುಮ್ಮನಾಯಿತು.

ಕಡೆಗೆ ಆದ ತೀರ್ಮಾನ ಇದು. ತಾಮ್ರದ ಲೈನು ಉಳಿಯುವುದಿಲ್ಲವೆಂದು ಖಚಿತವಾದ್ದರಿಂದ, ಹಳೆಯ ನಂಬರನ್ನೇ ಉಳಿಸಿಕೊಂಡು ಫೈಬರಿಗೆ ಹೋಗುವುದು. ಹಳೆಯ ಫೋನನ್ನೇ ಹೊಸ ಪೆಟ್ಟಿಗೆಗೆ ಸಿಕ್ಕಿಸುವುದು. ಪೆಟ್ಟಿಗೆಗೆ ಪ್ರತ್ಯೇಕ ಬ್ಯಾಟರಿ ಇಡುವುದು; ಹಾಲು ಪರೀಕ್ಷೆಯ ಯಂತ್ರದ ಯು.ಪಿ.ಎಸ್.ಗೆ ಸೇರಿಸಬಾರದು, ಸಂಜೆಯ ಸರತಿ ಮುಗಿಯುವಷ್ಟರಲ್ಲಿ ಅದು ಬರಿದಾಗಿರುತ್ತದೆ. ಲೈನು ಬಂದ ದಿನ ಕಾರ್ಯದರ್ಶಿಯವರು ಮೇನ್ ಸ್ವಿಚ್ ಆರಿಸಿ ಗಡಿಯಾರ ನೋಡುತ್ತ ಕೂತರು. ನಾಲ್ಕು ಗಂಟೆ ಕಳೆದ ಮೇಲೂ ಫೋನು ಗುಂಯ್ ಎಂದಿತು. ಎರಡು ದಿನ ಕರೆಂಟಿಲ್ಲದ ಪುಷ್ಯ ಮಳೆಗೆ ಇದು ಸಾಲದು ಎಂಬುದನ್ನೂ ನಾವು ಮುಚ್ಚಿಡುವುದಿಲ್ಲ. ಅದಕ್ಕೇ ತುಂಬಿದ ಇನ್ನೊಂದು ಬ್ಯಾಟರಿಯನ್ನು ಬೀರುವಿನಲ್ಲಿಟ್ಟು, ತುರ್ತಿಗೆ ಬಿಟ್ಟು ಬೇರಾವುದಕ್ಕೂ ಮುಟ್ಟಬಾರದೆಂದು ಗೊತ್ತು ಮಾಡಿದ್ದೇವೆ.

ಹಳೆಯ ಕಾಲದಲ್ಲಿ ಈ ಚಿಂತೆಯನ್ನು ಎಕ್ಸ್‌ಚೇಂಜಿನವರು ನಮ್ಮ ಪರವಾಗಿ ಮಾಡುತ್ತಿದ್ದರು. ಸೊಂಟದವರೆಗೆ ನೀರಲ್ಲಿ ನಿಂತು ಕಂಬ ಹತ್ತಿದ ಲೈನ್‌ಮನ್ನುಗಳ ಋಣ ನಮ್ಮ ಮೇಲಿದೆ. ಇನ್ನು ಮುಂದೆ ಚಿಂತೆ ನಮ್ಮದೇ. ಆದ್ದರಿಂದ ನಡವಳಿ ಪುಸ್ತಕದಲ್ಲಿ ಹೀಗೆ ಬರೆದುಕೊಂಡಿದ್ದೇವೆ: ಪ್ರತಿ ವರ್ಷ ಮೃಗಶಿರ ಮಳೆಗೆ ಮೊದಲು ಮೇನ್ ಸ್ವಿಚ್ ಆರಿಸಿ, ಡಾಕ್ಟರಿಗೆ ಒಂದು ಕರೆ ಮಾಡಿ ನೋಡತಕ್ಕದ್ದು. ಮುಂದೆ ಬರುವ ಆಡಳಿತ ಮಂಡಳಿಯವರು ಇದನ್ನು ತಪ್ಪದೆ ನಡೆಸಿಕೊಂಡು ಹೋಗಬೇಕಾಗಿ ಕೋರುತ್ತೇವೆ.