ಆ ಹಳದಿ ಗುರಾಣಿ ಮುಟ್ಬೇಡ

"ಏ ಮಾಣಿ, ಅದನ್ನ ಮುಟ್ಬೇಡ ಮಾರಾಯ!"

2006ನೇ ಇಸವಿಯ ಮಾತು ಇದು, ವೀಕ್ಷಕರೇ. ಸಾಗರದ ಒಂದು ಸೈಬರ್ ಸೆಂಟರ್. ಪ್ಲೈವುಡ್ ಹಲಗೆ ಅಡ್ಡ ಹಾಕಿ ಮಾಡಿದ ನಾಲ್ಕು ಗೂಡು, ನಾಲ್ಕು ಕಂಪ್ಯೂಟರ್. ನಾನು ಹೊಸನಗರ ತಾಲ್ಲೂಕಿನ ಹೈಸ್ಕೂಲ್ ಹುಡುಗ. ಬಟ್ಟೆಮಲ್ಲಪ್ಪದ ಮೇಲೆ ಬಸ್ಸಲ್ಲಿ ಸಾಗರಕ್ಕೆ ಬಂದು, ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಇಂಟರ್‌ನೆಟ್ ನೋಡೋದು ಅಂದ್ರೆ ಮಾರಿಕಾಂಬಾ ಜಾತ್ರೆಗೆ ಹೋದಷ್ಟೇ ಖುಷಿ. ಪರದೆಯ ಮೇಲೆ ನೀಲಿ ಬಣ್ಣದ "ಇ" ಇರುತ್ತಿತ್ತು. ಅದು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಅನ್ನೋ ಒಂದು ಬ್ರೌಸರ್, ಅಂಥವು ಬೇರೆಯೂ ಇವೆ ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ಆ "ಇ"ನೇ ಇಂಟರ್‌ನೆಟ್ಟು ಅಂದುಕೊಂಡಿದ್ದೆವು.

ಆವತ್ತು ಪರದೆಯ ಕೆಳಗೆ ಬಲಮೂಲೆಯಲ್ಲಿ, ಗಡಿಯಾರದ ಪಕ್ಕ, ಒಂದು ಹಳದಿ ಗುರಾಣಿ ಮೂಡಿತು. ಅಪ್‌ಡೇಟ್‌ಗಳು ಸಿದ್ಧವಾಗಿವೆ, ಒತ್ತಿ ಅಂತ ಅದರ ಮಾತು. ನಾನು ಮೌಸ್ ತಗೊಂಡು ಹೋದೆ. ಅಂಗಡಿಯವರು ಕುರ್ಚಿಯಿಂದ ಎದ್ದೇ ಬಂದರು. "ಅದನ್ನ ಒತ್ತಿದ್ರೆ ಇಡೀ ದಿನ ಹೋಗ್ತದೆ. ಆಮೇಲೆ ಕಂಪ್ಯೂಟರ್ ಏಳ್ತದೋ ಇಲ್ವೋ ದೇವರಿಗೇ ಗೊತ್ತು."

ಮುಂದೆ ಇಂಜಿನಿಯರಿಂಗ್ ಓದಿದೆ, ಅದು ಬಿಟ್ಟು ಟೀವಿಗೆ ಬಂದೆ. ಆದರೆ ಆ ಗುರಾಣಿಯೊಳಗೆ ಏನಿತ್ತು ಅನ್ನೋ ಪ್ರಶ್ನೆ ಬಿಡಲಿಲ್ಲ.

ಆ ನೀಲಿ "ಇ" ಇಂಟರ್‌ನೆಟ್ ಎಕ್ಸ್‌ಪ್ಲೋರರಿನ ಆರನೇ ಆವೃತ್ತಿ. 2001ರ ಆಗಸ್ಟಿನಲ್ಲಿ ಬಿಡುಗಡೆ. ಎರಡು ತಿಂಗಳಿಗೆ ವಿಂಡೋಸ್ ಎಕ್ಸ್‌ಪಿ ಬಂತು, ಅದರೊಳಗೇ ಇದೂ ಕೂತು ಬಂತು. ನೆಟ್‌ಸ್ಕೇಪ್ ಅನ್ನೋ ಎದುರಾಳಿ ಅಷ್ಟೊತ್ತಿಗೆ ನೆಲಕಚ್ಚಿತ್ತು. ಜಗತ್ತಿನ ಶೇಕಡಾ 90ಕ್ಕೂ ಹೆಚ್ಚು ಜನ ಎಕ್ಸ್‌ಪ್ಲೋರರ್‌ನಲ್ಲೇ ಇಂಟರ್‌ನೆಟ್ ನೋಡುವ ಕಾಲ. ಗೆದ್ದವನಿಗೆ ಅವಸರ ಎಲ್ಲಿರುತ್ತೆ ಹೇಳಿ? ಮೈಕ್ರೋಸಾಫ್ಟ್ ಏಳನೇ ಆವೃತ್ತಿ ತಂದಿದ್ದು 2006ರ ಅಕ್ಟೋಬರಿನಲ್ಲಿ. ನಡುವಿನ ಐದು ವರ್ಷ ಹಳೇ ಬ್ರೌಸರಿಗೆ ತೇಪೆ, ಅದರ ಮೇಲೆ ಇನ್ನೊಂದು ತೇಪೆ.

ತೇಪೆಗೂ ಒಂದು ದಿನ ಗೊತ್ತುಮಾಡಿದ್ದರು. 2003ರ ಅಕ್ಟೋಬರಿನಿಂದ ಪ್ರತಿ ತಿಂಗಳ ಎರಡನೇ ಮಂಗಳವಾರ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಗ್ಗೆ ಹತ್ತು ಗಂಟೆಗೆ ಬಿಡುತ್ತಿದ್ದರು. ಆಗ ನಮ್ಮಲ್ಲಿ ಎಷ್ಟು ಹೊತ್ತು ಗೊತ್ತಾ? ಬೇಸಿಗೆಯಲ್ಲಿ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಸಾಗರದ ಸೈಬರ್ ಸೆಂಟರ್ ಶಟರ್ ಎಳೆದು ಎರಡು ಗಂಟೆ ಆಗಿರುತ್ತಿತ್ತು. ಬೆಳಗ್ಗೆ ಬಾಗಿಲು ತೆಗೆದರೆ ಗಿರಾಕಿ ಕಾಯುತ್ತಿರುತ್ತಾನೆ, ಗಂಟೆ ಲೆಕ್ಕದ ವ್ಯಾಪಾರ. ಗುರಾಣಿ ಒತ್ತೋಕೆ ಪುರುಸೊತ್ತು ಯಾವಾಗ?

ಅಂಗಡಿಯವರದ್ದು ಬರೀ ಹಠ ಅಂತ ನಾನೂ ಅಂದುಕೊಂಡಿದ್ದೆ. ಲೆಕ್ಕ ಹಾಕಿ ನೋಡಿದ ಮೇಲೆ ಅವರ ಮಾತು ಅರ್ಥ ಆಯ್ತು. 2004ರ ಆಗಸ್ಟಿನಲ್ಲಿ ಎಕ್ಸ್‌ಪಿಗೆ ಸರ್ವಿಸ್ ಪ್ಯಾಕ್ 2 ಅಂತ ಒಂದು ದೊಡ್ಡ ರಿಪೇರಿ ಬಂತು. ಬ್ರೌಸರಿನ ಎಷ್ಟೋ ತೂತು ಅದರಲ್ಲೇ ಮುಚ್ಚಿದ್ದು. ಪೂರ್ತಿ ಪ್ಯಾಕೇಜಿನ ಗಾತ್ರ 260 ಎಂಬಿಗೂ ಹೆಚ್ಚು. ಬಿಎಸ್ಎನ್ಎಲ್‌ನ ಸಂಚಾರ್‌ನೆಟ್ ಡಯಲ್‌ಅಪ್, ಮೋಡೆಮ್ ಕಿರ್ರ್ ಅಂತ ಕೂಗಿ ಸಂಪರ್ಕ ಸಿಕ್ಕರೆ ಸೆಕೆಂಡಿಗೆ ಹೆಚ್ಚೆಂದರೆ ಐದು ಕೆಬಿ. ಅಂದರೆ ಸುಮಾರು ಹದಿನೈದು ಗಂಟೆ! ಅಷ್ಟೂ ಹೊತ್ತು ಫೋನ್ ಬಿಲ್ ಓಡುತ್ತೆ, ಕರೆಂಟ್ ಹೋಗಬಾರದು, ಲೈನ್ ಮೇಲೆ ಮರ ಬೀಳಬಾರದು. ಮಲೆನಾಡಿನ ಜುಲೈ ತಿಂಗಳಲ್ಲಿ ಹದಿನೈದು ಗಂಟೆ ಕರೆಂಟು, ಫೋನು ಎರಡೂ ಒಟ್ಟಿಗೆ ಇದ್ದ ದಿನ ನಿಮ್ಮ ನೆನಪಲ್ಲಿದ್ದರೆ ನನಗೂ ಹೇಳಿ.

ಇನ್ನೊಂದು ಭಯ ಇತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ವಿಂಡೋಸ್ ಬಹುಪಾಲು ಕಡೆ ನಕಲಿ ಸೀಡಿಯಿಂದ ಹಾಕಿದ್ದು. 2005ರ ಜುಲೈಯಿಂದ ಮೈಕ್ರೋಸಾಫ್ಟ್ ಅಸಲಿಯೋ ನಕಲಿಯೋ ಅಂತ ತಪಾಸಣೆ ಕಡ್ಡಾಯ ಮಾಡಿತು. ಅಪ್‌ಡೇಟ್ ಒತ್ತಿದರೆ ಸಿಕ್ಕಿಬೀಳುತ್ತೇವೆ ಅನ್ನೋ ಸುದ್ದಿ ಅಂಗಡಿಯಿಂದ ಅಂಗಡಿಗೆ ಹಬ್ಬಿತು. ನಿಜ ಏನಂದರೆ, ಭದ್ರತೆಯ ತೇಪೆಗಳನ್ನು ನಕಲಿ ಪ್ರತಿಗಳಿಗೂ ತಾನಾಗಿಯೇ ಇಳಿಯುವ ದಾರಿಯಲ್ಲಿ ಕೊಡುತ್ತಲೇ ಇದ್ದರು. ಕೊಡದೇ ಇದ್ದದ್ದು ಹೊಸ ಏಳನೇ ಬ್ರೌಸರನ್ನ. ಅದಕ್ಕೆ ಅಸಲಿ ವಿಂಡೋಸೇ ಬೇಕಿತ್ತು. ಆ ಷರತ್ತನ್ನು ತೆಗೆದದ್ದು ಒಂದು ವರ್ಷ ಬಿಟ್ಟು, 2007ರ ಅಕ್ಟೋಬರಿನಲ್ಲಿ. ಹೀಗೆ ಸಿಗುತ್ತಿದ್ದ ಔಷಧಿಯನ್ನು ನಮ್ಮವರು ಹೆದರಿ ಬಿಟ್ಟರು, ಒಳ್ಳೇ ಬ್ರೌಸರನ್ನು ಅವರು ಕೊಡಲಿಲ್ಲ. ಇಬ್ಬರೂ ಸೇರಿ ಆರನೇ ನಂಬರನ್ನ ಸಾಯೋಕೆ ಬಿಡಲಿಲ್ಲ!

ಔಷಧಿ ಅಂದಾಗ ಅಡಿಕೆ ತೋಟದ ಮಾತು ಬಂತು. ಮಲೆನಾಡಿನವರಿಗೆ ಅಪ್‌ಡೇಟ್ ಅಂದರೇನು ಅಂತ ವಿವರಿಸೋದು ಸುಲಭ. ಮುಂಗಾರು ಹಿಡಿಯುವ ಮೊದಲು ಕೊನೆಗೆ ಬೋರ್ಡೋ ಹೊಡೀತೀವಿ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಇದೇ ಮದ್ದು ಅಂತ ತೋರಿಸಿಕೊಟ್ಟರು. ಒಂದು ಸಲ ಹೊಡೆದರೆ ಮುಗೀತಾ? ಮಳೆಗೆ ತೊಳೆದು ಹೋಗುತ್ತೆ, ನಲವತ್ತು ದಿನ ಬಿಟ್ಟು ಮತ್ತೆ ಹೊಡೀಬೇಕು. ಪಕ್ಕದ ತೋಟದವನು ಬಿಟ್ಟರೆ ಅವನ ಕೊಳೆ ನಮ್ಮ ಮರಕ್ಕೂ ಬರುತ್ತೆ. ಸೈಬರ್ ಸೆಂಟರಿನಿಂದ ಪೆನ್‌ಡ್ರೈವ್‌ನಲ್ಲಿ ಫೋಟೋ ತಂದು ಮನೆ ಕಂಪ್ಯೂಟರ್‌ಗೆ ವೈರಸ್ ಅಂಟಿಸಿಕೊಂಡವರಿಗೆ ಇದನ್ನ ಬಿಡಿಸಿ ಹೇಳಬೇಕಾ?

ಮದ್ದು ಹೊಡೆಯದಿದ್ದರೆ ಏನಾಗುತ್ತೆ ಅಂತ ಜಗತ್ತು ನೋಡಿದ್ದು 2010ರ ಜನವರಿಯಲ್ಲಿ. ತನ್ನ ಒಳಗೇ ಕಳ್ಳರು ನುಗ್ಗಿದ್ದರು ಅಂತ ಜನವರಿ 12ಕ್ಕೆ ಗೂಗಲ್ ಬಹಿರಂಗವಾಗಿ ಒಪ್ಪಿಕೊಂಡಿತು. ದಾಳಿಕೋರರು ಬಳಸಿದ್ದು ಎಕ್ಸ್‌ಪ್ಲೋರರಿನ ಒಂದು ತೂತನ್ನ. ಆ ತೂತು ಹೇಗಿತ್ತು ಅಂದರೆ, ಬಾಡಿಗೆಯವನು ಮನೆ ಖಾಲಿ ಮಾಡಿದ್ದಾನೆ, ಪೋಸ್ಟ್‌ಮ್ಯಾನಿಗೆ ಅದು ಗೊತ್ತಿಲ್ಲ. ಅದೇ ವಿಳಾಸಕ್ಕೆ ಮತ್ತೆ ಮನಿಯಾರ್ಡರ್ ತರುತ್ತಾನೆ. ಅಷ್ಟರಲ್ಲಿ ಖಾಲಿ ಮನೆಗೆ ಕಳ್ಳ ಬಂದು ಕೂತಿರುತ್ತಾನೆ. ಬ್ರೌಸರ್ ತಾನು ಬಿಟ್ಟುಕೊಟ್ಟ ಮೆಮೊರಿಯ ಜಾಗಕ್ಕೆ ಹೀಗೇ ಮತ್ತೆ ಹೋಗಿ, ಅಲ್ಲಿ ಕೂತವನ ಮಾತು ಕೇಳುತ್ತಿತ್ತು. ಜರ್ಮನಿ, ಫ್ರಾನ್ಸ್ ಸರ್ಕಾರದ ಭದ್ರತಾ ಸಂಸ್ಥೆಗಳು ಎಕ್ಸ್‌ಪ್ಲೋರರ್ ಬಿಡಿ ಅಂತ ಜನರಿಗೆ ಹೇಳಿದವು. ಮೈಕ್ರೋಸಾಫ್ಟ್ ಎರಡನೇ ಮಂಗಳವಾರಕ್ಕೆ ಕಾಯದೆ ಜನವರಿ 21ಕ್ಕೇ ತೇಪೆ ಹಾಕಿತು. ಅದಾದ ಮೇಲೆ ಹೊರಬಿದ್ದ ಸಂಗತಿ ಕೇಳಿ: ಈ ತೂತು ಅವರಿಗೆ ಹಿಂದಿನ ಸೆಪ್ಟೆಂಬರಿನಲ್ಲೇ ಗೊತ್ತಿತ್ತು. ನಾಲ್ಕು ತಿಂಗಳು!

ಆ ಮಾರ್ಚ್ 4ಕ್ಕೆ ಅಮೆರಿಕದ ಡೆನ್ವರ್‌ನಲ್ಲಿ ವೆಬ್ ವಿನ್ಯಾಸಕಾರರು ಆರನೇ ಎಕ್ಸ್‌ಪ್ಲೋರರಿಗೆ ಶವಪೆಟ್ಟಿಗೆ ಇಟ್ಟು ಅಂತ್ಯಕ್ರಿಯೆಯನ್ನೇ ಮಾಡಿದರು. ಮೈಕ್ರೋಸಾಫ್ಟ್‌ನವರು ಹೂವು ಕಳಿಸಿದ್ದರು. ಡೆನ್ವರಿನಲ್ಲಿ ತಿಥಿ ಆಯ್ತು, ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಅದು ಇನ್ನೂ ದುಡಿಯುತ್ತಲೇ ಇತ್ತು.

ಈಗ ಕನ್ನಡಕ್ಕೆ ಬರೋಣ. ನನಗೆ ಹೆಚ್ಚು ಕಾಡಿದ್ದು ಇದು.

ಒಂದು ಕಾಗದದ ಮೇಲೆ ನಮ್ಮ ಮೂರು ತಾಲ್ಲೂಕಿನ ಹೆಸರು ಬರೆಯಿರಿ. ಸಾಗರ, ಹೊಸನಗರ, ತೀರ್ಥಹಳ್ಳಿ. ಕಣ್ಣಿಗೆ ಕಾಣುವುದು ಮೂರು, ಐದು, ನಾಲ್ಕು ಅಕ್ಷರ. ಯೂನಿಕೋಡ್ ಪದ್ಧತಿಯಲ್ಲಿ ಕಂಪ್ಯೂಟರ್ ಇಟ್ಟುಕೊಳ್ಳುವುದು ಬೇರೆ ಲೆಕ್ಕ. ಸಾಗರಕ್ಕೆ ನಾಲ್ಕು ಸಂಕೇತ, ಹೊಸನಗರಕ್ಕೆ ಆರು. ತೀರ್ಥಹಳ್ಳಿಗೆ ಹತ್ತು! ರಕಾರ, ಹಲಂತ, ಥಕಾರ ಅಂತ ಬಿಡಿಬಿಡಿಯಾಗಿ ಬಂದದ್ದನ್ನ ಹೊಂದಿಸಿ, ಅರ್ಕಾವತ್ತು ಎಲ್ಲಿ, ಒತ್ತು ಎಲ್ಲಿ ಅಂತ ಕೂರಿಸುವ ಕೆಲಸ ವಿಂಡೋಸ್ ಮತ್ತು ಬ್ರೌಸರಿನದು. ಆ ಜೋಡಣೆ ಇಲ್ಲದಿದ್ದರೆ ಸಾಗರ ಹೇಗೋ ಓದಬಹುದು, ಹೊಸನಗರ ಮೊದಲ ಅಕ್ಷರಕ್ಕೇ ಕುಂಟುತ್ತೆ, ತೀರ್ಥಹಳ್ಳಿ ಪುಡಿಪುಡಿ. ಅಕ್ಷರಶೈಲಿಯೇ ಇಲ್ಲದಿದ್ದರಂತೂ ಮೂರೂ ಊರು ಬರೀ ಚೌಕ ಚೌಕ.

ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡಕ್ಕೆ "ತುಂಗಾ" ಅನ್ನೋ ಅಕ್ಷರಶೈಲಿ ಕೊಟ್ಟಿದ್ದರು. ತೀರ್ಥಹಳ್ಳಿಯ ಹೊಳೆಯ ಹೆಸರೇ! ಆದರೆ ಅದು ತಾನಾಗಿ ಏಳುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅನ್ನೋ ಕಡೆ ಟಿಕ್ ಹಾಕಿ, ವಿಂಡೋಸಿನ ಸೀಡಿ ತುರುಕಬೇಕಿತ್ತು. ಇದನ್ನ ಹೇಳಿಕೊಡುವವರು ಯಾರು? ಕೆಲವು ಕನ್ನಡ ತಾಣಗಳು ಬೇರೆ ಉಪಾಯ ಮಾಡಿದವು. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರ ಕೂರಿಸಿ, ಆ ಅಕ್ಷರಶೈಲಿಯನ್ನು ಪುಟದ ಜೊತೆಗೇ ಕಳಿಸಿದವು. ಅದು ಎಕ್ಸ್‌ಪ್ಲೋರರಿನಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತಿತ್ತು, ಫೈರ್‌ಫಾಕ್ಸಿನಲ್ಲಿ ತೆರೆದರೆ ಇಂಗ್ಲಿಷಿನ ಕಲಸುಮೇಲೋಗರ. ಕನ್ನಡ ಓದಬೇಕು ಅಂತಲೇ ಎಷ್ಟೋ ಜನ ತೂತುಬಿದ್ದ ಬ್ರೌಸರಿಗೆ ಅಂಟಿಕೊಂಡರು. ಕುಪ್ಪಳಿ ಮನೆತನದ ಪೂರ್ಣಚಂದ್ರ ತೇಜಸ್ವಿ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಅಷ್ಟು ಜಗಳ ಆಡಿದ್ದು ಸುಮ್ಮನೆ ಅಲ್ಲ.

ಫೈರ್‌ಫಾಕ್ಸ್ ಸಾಧು ಅಂತ ತಿಳಿಯಬೇಡಿ. 2006ರಲ್ಲಿ ಬಂದ ಅದರ ಎರಡನೇ ಆವೃತ್ತಿಗೆ ಒಂದು ವಿಚಿತ್ರ ಕಾಯಿಲೆ. ಪುಸ್ತಕದ ಹಾಗೆ ಎರಡೂ ಅಂಚು ಸಮ ಬರುವಂತೆ ಪುಟ ಜೋಡಿಸಿದರೆ, ಭಾರತೀಯ ಭಾಷೆಗಳ ಅಕ್ಷರ ಕಳಚಿ ಬೀಳುತ್ತಿತ್ತು. ಸಾಲು ಹಿಗ್ಗಿಸುವಾಗ ಅಕ್ಷರದ ತುಂಡುಗಳನ್ನು ಒಂದೊಂದಾಗಿ ಬರೆಯುತ್ತಿದ್ದದ್ದೇ ಕಾರಣ. ಇಂಗ್ಲಿಷಿಗೆ ಅದರಿಂದ ಏನೂ ಆಗಲ್ಲ, ನಮ್ಮ ಒತ್ತಕ್ಷರ ಮುರಿಯುತ್ತೆ. ಆದರೆ ಅಲ್ಲಿ ಒಂದು ವ್ಯತ್ಯಾಸ ಇತ್ತು. ಫೈರ್‌ಫಾಕ್ಸಿನ ದೋಷಗಳ ಪಟ್ಟಿ ಎಲ್ಲರಿಗೂ ತೆರೆದ ಪುಸ್ತಕ. ಯಾರು ಬೇಕಾದರೂ ಹೋಗಿ ನಮ್ಮ ಅಕ್ಷರ ಒಡೀತಿದೆ ನೋಡಿ ಅಂತ ಬರೆಯಬಹುದು. ಭಾರತೀಯ ಭಾಷೆಗಳ ಜನ ಬರೆದರು. 2008ರ ಜೂನ್ 17ಕ್ಕೆ ಮೂರನೇ ಆವೃತ್ತಿ ಬಂತು, ಅಕ್ಷರ ಬರೆಯುವ ಯಂತ್ರವನ್ನೇ ಹೊಸದಾಗಿ ಕಟ್ಟಿದ್ದರು. ಒಂದೇ ದಿನದಲ್ಲಿ 80 ಲಕ್ಷ ಜನ ಇಳಿಸಿಕೊಂಡು ಗಿನ್ನೆಸ್ ದಾಖಲೆ ಆಯಿತು. ದಾಖಲೆ ಎಲ್ಲ ಪತ್ರಿಕೆಯಲ್ಲೂ ಸುದ್ದಿ. ನಮ್ಮ ಒತ್ತಕ್ಷರ ರಿಪೇರಿಯಾದದ್ದು ಎಲ್ಲಿ ಸುದ್ದಿಯಾಯ್ತು?

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೆ ಎಳ್ಳುನೀರು ಬಿಟ್ಟಿತು. ಮೂರು ವಾರ ಕಳೆದಿಲ್ಲ, ಎಕ್ಸ್‌ಪ್ಲೋರರಿನಲ್ಲಿ ಮತ್ತೊಂದು ದೊಡ್ಡ ತೂತು. ಇನ್ನು ಕೊಡಲ್ಲ ಅಂದವರೇ ಮೇ 1ಕ್ಕೆ ಎಕ್ಸ್‌ಪಿಗೂ ತೇಪೆ ಕೊಟ್ಟರು, ಅಷ್ಟು ಜನ ಇನ್ನೂ ಅದರಲ್ಲೇ ಇದ್ದರು. ಎಕ್ಸ್‌ಪ್ಲೋರರಿನ ಕೊನೆಯ, ಹನ್ನೊಂದನೇ ಆವೃತ್ತಿ 2022ರ ಜೂನ್ 15ಕ್ಕೆ ನಿವೃತ್ತಿಯಾಯಿತು.

ಕಳೆದ ಮಳೆಗಾಲ ಊರಿಗೆ ಹೋದಾಗ ಸಾಗರದ ಆ ಅಂಗಡಿ ಹುಡುಕಿಕೊಂಡು ಹೋದೆ. ಈಗ ಜೆರಾಕ್ಸ್, ಆನ್‌ಲೈನ್ ಸೇವೆ. ಪಹಣಿ, ಆಧಾರ್, ವಿದ್ಯಾರ್ಥಿವೇತನದ ಅರ್ಜಿ ಅಂತ ಜನ ನಿಂತಿದ್ದರು. ಒಬ್ಬರ ಪಾಸ್‌ಬುಕ್ಕು, ಇನ್ನೊಬ್ಬರ ಒಟಿಪಿ, ಎಲ್ಲ ಒಂದೇ ಮೇಜಿನ ಮೇಲೆ. ಹೊಸ ಕಂಪ್ಯೂಟರಿನ ಮೂಲೆಯಲ್ಲಿ ಅಪ್‌ಡೇಟಿನ ಸೂಚನೆ ಬಂತು, ಅಂಗಡಿಯವರು ನೋಡದೇ "ನಾಳೆ ನೆನಪಿಸು" ಒತ್ತಿದರು. ಕೈಗೆ ಅಭ್ಯಾಸ ಆಗಿಬಿಟ್ಟಿದೆ.

"ಅಣ್ಣ, ಹಳೇ ಪೆಟ್ಟಿಗೆ ಇದೆಯಾ?"

ಇತ್ತು. ಹಳೇ ಬಿಲ್ಲುಗಳಿಗೆ ಅಂತ ಇಟ್ಟುಕೊಂಡಿದ್ದರಂತೆ. ಆನ್ ಆಯಿತು, ನೀಲಿ "ಇ" ಅಲ್ಲೇ ಇತ್ತು. ಇಂಟರ್‌ನೆಟ್ಟಿನ ವೈರು ಸಿಕ್ಕಿಸಿ, ಅಪ್‌ಡೇಟ್ ಪುಟಕ್ಕೆ ಹೋಗಿ ಒತ್ತಿದೆ. ಈ ಸಲ ಅವರು ತಡೆಯಲಿಲ್ಲ. "ದಿ ಪೇಜ್ ಕೆನಾಟ್ ಬಿ ಡಿಸ್‌ಪ್ಲೇಡ್" ಅಂತ ಬಂತು. ವೈರು ತೆಗೆದೆ. ಪೆನ್‌ಡ್ರೈವ್‌ನಲ್ಲಿ ಮೂರು ತಾಲ್ಲೂಕಿನ ಹೆಸರು ಬರೆದ ಪುಟ ತಂದಿದ್ದೆ. ಯಾವಾಗಲೋ ಹಾಕಿದ್ದ ಕನ್ನಡ ಅಕ್ಷರಶೈಲಿ ಇತ್ತು ಅಂತ ಕಾಣುತ್ತೆ, ಚೌಕ ಬರಲಿಲ್ಲ. ಸಾಗರ ಕಂಡಿತು. ತೀರ್ಥಹಳ್ಳಿ ಒಡೆದು ಹರಡಿತ್ತು.

"ವಿಂಡೋಸ್ ಸೀಡಿ ಉಂಟಾ?"

ಡ್ರಾಯರ್ ಜಾಲಾಡಿ, ಮಾರ್ಕರಿನಲ್ಲಿ ಎಕ್ಸ್‌ಪಿ ಅಂತ ಗೀಚಿದ್ದ ಒಂದು ಸೀಡಿ ತೆಗೆದರು. ಟಿಕ್ ಹಾಕಿದೆ, ಸೀಡಿ ಗುರ್ ಅಂತ ತಿರುಗಿತು, ಒಂದು ಸಲ ರೀಸ್ಟಾರ್ಟ್. ಅರ್ಕಾವತ್ತು, ಒತ್ತು ಎಲ್ಲ ಕೂಡಿಕೊಂಡು ತೀರ್ಥಹಳ್ಳಿ ನೆಟ್ಟಗೆ ನಿಂತಿತು.

ಅವರು ಕನ್ನಡಕ ಏರಿಸಿಕೊಂಡು ಪರದೆಯನ್ನೇ ನೋಡಿದರು. "ಇಷ್ಟೇ ಆಗಿತ್ತಾ ಮಾರಾಯ? ಈ ಸೀಡಿ ಅಂಗಡಿ ಶುರು ಮಾಡಿದ ದಿನದಿಂದ ಇಲ್ಲೇ ಇತ್ತಲ್ಲ."